ಬೆಟಗೇರಿ ಸೀಮೆಯ ಕ್ರೈಸ್ತ ಸಭೆಗಳಲ್ಲಿ ಪರಸ್ಪರ ಸಹಾಯ

ಯಲಬುರ್ಗಾ ಎಂದೊಡನೆ ಇತಿಹಾಸದ ವಿದ್ಯಾರ್ಥಿಗೆ ನೆನಪಾಗುವುದು ಸಿಂದ ಅರಸರ ರಾಜಧಾನಿಯಾಗಿದ್ದ ಎರಂಬರಗೆ. ಹನ್ನೆರಡನೆಯ ಶತಮಾನದ ಆ ವೈಭವವು ಅಳಿದ ಬಳಿಕ ಈ ಊರು ಗಡಿನಾಡಿನ ಒಂದು ಸಾಧಾರಣ ಪೇಟೆಯಾಗಿ ಉಳಿಯಿತು. 1818ರಲ್ಲಿ ಪೇಶ್ವೆಯ ಆಡಳಿತವು ಕೊನೆಗೊಂಡು ಧಾರವಾಡ ಪ್ರಾಂತವು ಇಂಗ್ಲಿಷ್ ಕಂಪನಿಯ ವಶವಾದ ಮೇಲೆ, ಗದಗು ಬೆಟಗೇರಿಗಳು ಕಂಪನಿಯ ಸೀಮೆಯೊಳಗೂ ಯಲಬುರ್ಗಾ ಕೊಪ್ಪಳಗಳು ನಿಜಾಮನ ಸೀಮೆಯೊಳಗೂ ಇದ್ದವು. ಗದಗಿಗೂ ಯಲಬುರ್ಗಾಕ್ಕೂ ನಡುವಣ ಅಂತರ ಐವತ್ತು ಕಿಲೋಮೀಟರಿಗೆ ತುಸು ಹೆಚ್ಚು. ನೆಲ ಒಂದೇ, ನುಡಿ ಒಂದೇ, ಜೋಳ ಹತ್ತಿಗಳ ಬೆಳೆಯೂ ಒಂದೇ. ಕಾನೂನು ಮಾತ್ರ ಬೇರೆ. ಈ ಭೇದವು ನಮ್ಮ ವಿಷಯಕ್ಕೆ ಎಷ್ಟು ಮುಖ್ಯವೆಂಬುದು ಮುಂದೆ ವಿದಿತವಾಗುವುದು.

ಕ್ರೈಸ್ತ ಮತಾವಲಂಬಿಗಳಾದ ಕನ್ನಡಿಗರ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಮಿಶನರಿಗಳ ಚರಿತ್ರೆಯಾಗಿ ಓದುತ್ತೇವೆ. ಮೋಗ್ಲಿಂಗರ ‘ಮಂಗಳೂರ ಸಮಾಚಾರ’ (1843), ಕಿಟ್ಟೆಲರ ನಿಘಂಟು (1894), ಮಂಗಳೂರಿನ ಹೆಂಚಿನ ಕಾರಖಾನೆ (1865) – ಇವು ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಇವೆ, ಇರಬೇಕಾದುದೇ. ಆದರೆ ಅದೇ ಕಾಲದಲ್ಲಿ ಕುಲವನ್ನು ಬಿಟ್ಟು ಹೊಸ ಸಭೆಯನ್ನು ಸೇರಿದ ನೇಕಾರನು ಹೇಗೆ ಬದುಕಿದನು, ಅವನ ಹೆಣವನ್ನು ಹೊತ್ತವರು ಯಾರು, ಅವನ ಮಗಳಿಗೆ ಗಂಡು ದೊರೆತುದೆಲ್ಲಿ ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ಪ್ರಕೃತ ಪ್ರಬಂಧದಲ್ಲಿ ಈ ಪ್ರಶ್ನೆಗಳನ್ನು ಎತ್ತಿಕೊಳ್ಳಲಾಗಿದೆ.

ಈ ಭಾಗಕ್ಕೆ ಕ್ರೈಸ್ತಧರ್ಮವು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮೊದಲು ಬಂದಿತೆಂದು ಭಾವಿಸತಕ್ಕುದಲ್ಲ. ಕುಷ್ಟಗಿಯ ಆಚೆಗಿರುವ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದಲೂ ಒಂದು ಕಥೋಲಿಕ ಸಮುದಾಯವಿದೆ. ಅಲ್ಲಿನ ಇಗರ್ಜಿಯು 1557ಕ್ಕಿಂತ ಮೊದಲೇ ನಿರ್ಮಿತವಾಯಿತೆಂದು ಹಳೆಯ ಗ್ಯಾಸೆಟಿಯರುಗಳು ಹೇಳುತ್ತವೆ. ಗೋವೆಯಿಂದ ಅಷ್ಟು ದೂರದಲ್ಲಿ, ರಾಜ್ಯಗಳು ಮಗುಚಿದಂತೆಲ್ಲ ಕೈಯಿಂದ ಕೈಗೆ ಬದಲಾದ ಒಂದು ಕೋಟೆಯ ಊರಿನಲ್ಲಿ, ಸಣ್ಣದೊಂದು ಸಮುದಾಯವು ಶತಮಾನಗಳನ್ನು ದಾಟಿ ಉಳಿದುದು ಕೇವಲ ಪಾದ್ರಿಗಳ ಬಲದಿಂದ ಎನ್ನುವುದು ಕಷ್ಟ. ಆದರೆ ನಮಗೆ ಹೆಚ್ಚಿನ ಸಾಮಗ್ರಿ ದೊರೆಯುವುದು ಬಾಸೆಲ್ ಮಿಶನ್ನಿನ ಸಭೆಗಳ ವಿಷಯದಲ್ಲಿ. ಆದುದರಿಂದ ಅತ್ತ ತಿರುಗುವೆವು.

ಕ್ರೈಸ್ತಜೀವನದಲ್ಲಿ ಅನ್ಯೋನ್ಯ ಸಹಾಯವು ಆದಿಯಿಂದಲೂ ಇದ್ದ ಆದರ್ಶ. ಯೆರೂಸಲೇಮಿನ ಮೊದಲ ಸಭೆಯವರು ಹೊಲಮನೆಗಳನ್ನು ಮಾರಿ, ಬಂದ ಹಣವನ್ನು ಒಂದೆಡೆ ಸೇರಿಸಿ, ಅವರವರ ಅಗತ್ಯಕ್ಕೆ ತಕ್ಕಂತೆ ಹಂಚಿಕೊಂಡರೆಂದು ಅಪೊಸ್ತಲರ ಕೃತ್ಯಗಳಲ್ಲಿ ಹೇಳಿದೆ. ಅದೇ ಗ್ರಂಥದ ಆರನೆಯ ಅಧ್ಯಾಯದಲ್ಲಿ ಬರುವ ಜಗಳವನ್ನು ಉಪದೇಶಕರು ಅಷ್ಟಾಗಿ ಎತ್ತಿ ಹೇಳುವುದಿಲ್ಲ. ದಿನದಿನದ ಅನ್ನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆಯೆಂದು ಗ್ರೀಕ್ ನುಡಿಯವರು ಗುಣುಗುಟ್ಟಿದರು. ಅದಕ್ಕಾಗಿ ಏಳು ಜನರನ್ನು ನೇಮಿಸಬೇಕಾಯಿತು. ಹಂಚಿಕೊಂಡು ಬದುಕುವಲ್ಲಿ, ಹಂಚುವ ಕೈ ಯಾರದು ಎಂಬ ಪ್ರಶ್ನೆಯೂ ಒಡನೆಯೇ ಹುಟ್ಟುತ್ತದೆ. ಬೆಟಗೇರಿ ಸೀಮೆಯ ಕತೆಯೂ ಈ ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

1833ರ ಸನ್ನದಿನಿಂದ ಇಂಗ್ಲಿಷರಲ್ಲದ ಮಿಶನರಿಗಳಿಗೂ ಕಂಪನಿಯ ಸೀಮೆಯಲ್ಲಿ ನೆಲೆಸಲು ಎಡೆಯಾಯಿತು. ಮರುವರ್ಷವೇ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಬಾಸೆಲ್ಲಿನಿಂದ ಮಂಗಳೂರಿಗೆ ಬಂದರು. ಘಟ್ಟದ ಮೇಲೆ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ – ಹೀಗೆ ಠಾಣೆಗಳು ಹುಟ್ಟಿದವು. ಕೊನೆಯ ಎರಡೂ ನೇಕಾರರ ಊರುಗಳೆಂಬುದನ್ನು ಗಮನಿಸಬೇಕು.

ಆ ಕಾಲದಲ್ಲಿ ಕುಲವನ್ನು ಬಿಟ್ಟವನು ಏನನ್ನು ಬಿಟ್ಟನೆಂಬುದು ಇಂದಿನ ವಿದ್ಯಾರ್ಥಿಗಳಿಗೆ ಸುಲಭವಾಗಿ ಹೊಳೆಯದು. ಮತವನ್ನು ಮನಸ್ಸಿನ ವಿಷಯವೆಂದು ನಾವು ಎಣಿಸುತ್ತೇವೆ. ನೇಕಾರನ ಮಟ್ಟಿಗೆ ಅದು ನೂಲಿನ ವಿಷಯವೂ ಆಗಿದ್ದಿತು. ಮಗ್ಗದ ಮುಂದೆ ಕುಳಿತು ಲಾಳಿ ಎಸೆಯುವವನು ಒಬ್ಬನೇ ಆದರೂ, ಮಗ್ಗಕ್ಕೆ ಹಾಸು ಏರಬೇಕಾದರೆ ಹತ್ತು ಕೈ ಬೇಕು. ಹಾಸನ್ನು ಬೀದಿಯುದ್ದಕ್ಕೂ ಬಿಗಿದು ಹರಡಿ, ಗಂಜಿ ಉಣಿಸಿ, ಎಳೆ ಎಳೆಗೂ ಅಂಟಿಕೊಳ್ಳದಂತೆ ಉಜ್ಜಿ, ಬಿಸಿಲೇರುವ ಮುನ್ನ ಒಣಗಿಸಿ ಸುತ್ತಬೇಕು. ಇದು ಓಣಿಯ ಕೆಲಸ. ಇಂದು ನನ್ನ ಹಾಸಿಗೆ ನೀನು, ನಾಳೆ ನಿನ್ನ ಹಾಸಿಗೆ ನಾನು ಎಂಬ ಕೊಡುಕೊಳೆಯ ಮೇಲೆ ನಿಂತುದು. ನೂಲನ್ನು ಸಾಲವಾಗಿ ಕೊಡುವ ಸಾಹುಕಾರನೂ ಕುಲದವರ ಜಾಮೀನಿನ ಮೇಲೆಯೇ ಕೊಡುತ್ತಿದ್ದನು. ಬಹಿಷ್ಕಾರವೆಂದರೆ ಈ ಕೈಗಳೆಲ್ಲವೂ ಒಂದೇ ದಿನ ಹಿಂದಕ್ಕೆ ಸರಿಯುವುದು. ಬಾವಿ, ಕ್ಷೌರ, ಮದುವೆ, ಮಣ್ಣು – ಇವುಗಳ ಮಾತು ಅನಂತರದ್ದು.

ಆಸ್ತಿಯ ಪ್ರಶ್ನೆಯೂ ಇದ್ದಿತು. ಜಾತಿಭ್ರಷ್ಟನಾದವನಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲವೆಂಬ ಹಳೆಯ ನಿಯಮವನ್ನು ಕಂಪನಿ ಸರಕಾರವು 1850ರ 21ನೆಯ ಕಾಯಿದೆಯಿಂದ ರದ್ದುಪಡಿಸಿತು. ಅದಕ್ಕೆ ಮೊದಲು ಬೆಟಗೇರಿಯಲ್ಲಿ ಮತಾಂತರಗೊಂಡವನು ಮನೆಯ ಪಾಲಿಗೂ ಎರವಾಗುವ ಭಯವಿದ್ದಿತು. ನಿಜಾಮನ ಸೀಮೆಗಾದರೋ ಆ ಕಾಯಿದೆ ಅನ್ವಯಿಸುತ್ತಿರಲಿಲ್ಲ. 1853ರಿಂದ 1860ರವರೆಗೆ ರಾಯಚೂರು ದೋಆಬು ಬ್ರಿಟಿಷರ ಆಡಳಿತಕ್ಕೆ ಒಳಪಟ್ಟಿದ್ದುದು ನಿಜ. ಆ ಅಲ್ಪಾವಧಿಯನ್ನು ಬಿಟ್ಟರೆ, ಗಡಿಯ ಈಚೆಗೆ ದೊರೆಯುತ್ತಿದ್ದ ರಕ್ಷಣೆ ಯಲಬುರ್ಗಾದ ರೈತನಿಗೆ ದೊರೆಯುವಂತಿರಲಿಲ್ಲ. ಕಾಯಿದೆ ಇದ್ದೆಡೆಯಲ್ಲಿಯೂ ಅದರ ಪ್ರಯೋಜನ ಎಷ್ಟರದು? ನ್ಯಾಯಾಲಯವು ಹೊಲದ ಪಾಲನ್ನು ಕೊಡಿಸಬಹುದು. ಹೊಲಕ್ಕೆ ಮುಯ್ಯಾಳುಗಳನ್ನು ಕೊಡಿಸಲಾರದು.

‘ಅನ್ನದ ಆಸೆಗಾಗಿ ಮತ ಬಿಟ್ಟವರು’ ಎಂಬ ಮಾತು ನಮ್ಮಲ್ಲಿ ಬಹಳ ಹಿಂದಿನಿಂದಲೂ ಪ್ರಚಾರದಲ್ಲಿದೆ. ಮೇಲಿನ ಸಂಗತಿಗಳನ್ನು ತೂಗಿ ನೋಡಿದವರಿಗೆ ಈ ಮಾತು ಅರ್ಧ ಮಾತ್ರ ನಿಜವೆಂದು ತೋರದಿರದು. ಬರಗಾಲಗಳಲ್ಲಿ ಹಸಿವಿನಿಂದ ಬಂದವರು ಇದ್ದರು, ಮಿಶನರಿಗಳೇ ಅದನ್ನು ಬಲ್ಲರು. ಆದರೆ ನೇಕಾರನಾದವನು ಸಾಮಾನ್ಯ ವರ್ಷದಲ್ಲಿ ಸಭೆಗೆ ಸೇರಿದಾಗ ಕಳೆದುಕೊಂಡ ಅನ್ನವು ಪಡೆದ ಅನ್ನಕ್ಕಿಂತ ಹೆಚ್ಚಿನದಾಗಿದ್ದಿತು.

ಈ ಹಿನ್ನೆಲೆಯಲ್ಲಿಯೇ ಮಲಸಮುದ್ರದ ಪ್ರಯತ್ನವನ್ನು ಅರಿಯಬೇಕು. ಹುಬ್ಬಳ್ಳಿ ಧಾರವಾಡಗಳ ಸುತ್ತಣ ಹಳ್ಳಿಗಳಲ್ಲಿ ಕಾಲಜ್ಞಾನದ ವಚನಗಳನ್ನು ನಂಬಿದ್ದ ಒಂದು ಪಂಗಡವಿದ್ದಿತು. ಹೊಸ ಯುಗವೊಂದು ಬರುವುದೆಂದು ಎದುರುನೋಡುತ್ತಿದ್ದ ಇವರಿಗೆ ಮಿಶನರಿಗಳ ಉಪದೇಶದಲ್ಲಿ ತಮ್ಮ ಕಾಲಜ್ಞಾನದ ಪ್ರತಿಧ್ವನಿ ಕೇಳಿಸಿತು. ಅವರ ಹಿರಿಯರು ಬಂದು ಮಾತುಕತೆ ನಡೆಸಿದರು. ಬಹುಸಂಖ್ಯೆಯಲ್ಲಿ ಜನ ಸೇರುವರೆಂಬ ಆಸೆ ಹುಟ್ಟಿತು. ಅಂಥವರನ್ನು ಒಂದೆಡೆ ನೆಲೆಗೊಳಿಸುವ ಉದ್ದೇಶದಿಂದ 1841ರಲ್ಲಿ ಗದಗಿನ ಸಮೀಪದ ಮಲಸಮುದ್ರದಲ್ಲಿ ಸರಕಾರದಿಂದ ಜಮೀನು ಪಡೆದು ಒಂದು ಕ್ರೈಸ್ತ ವಸಾಹತನ್ನು ಆರಂಭಿಸಲಾಯಿತು. ನಿರೀಕ್ಷಿಸಿದ ಜನಸಮೂಹ ಬರಲಿಲ್ಲ. ಕೆಲವು ವರ್ಷಗಳಲ್ಲಿ ಆ ಪ್ರಯತ್ನ ನಿಂತುಹೋಯಿತು.

ಸೋಲಿಗೆ ಕಾರಣಗಳಾಗಿ ನೆಲದ ಬಡತನವನ್ನೂ ಮಳೆಯ ಅಭಾವವನ್ನೂ ಹೇಳಬಹುದು. ನನಗೆ ತೋರುವಂತೆ ಮೂಲಕಾರಣ ಬೇರೊಂದಿದೆ. ಕಾಲಜ್ಞಾನದವರು ಬರಲು ಬಯಸಿದ್ದುದು ಸಮೂಹವಾಗಿ, ತಮ್ಮ ಬಂಧುಬಳಗದ ಕಟ್ಟನ್ನು ಮುರಿಯದೆ. ಬಾಸೆಲ್ಲಿನವರಾದರೋ ವ್ಯುರ್ಟೆಂಬರ್ಗಿನ ಪಯಟಿಸ್ಟ್ ಪರಂಪರೆಯಲ್ಲಿ ಬೆಳೆದವರು. ಒಬ್ಬೊಬ್ಬನ ಅಂತರಂಗವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ ಸೇರಿಸಿಕೊಳ್ಳಬೇಕೆಂಬುದು ಅವರ ನಿಷ್ಠೆ. ಒಬ್ಬೊಬ್ಬನನ್ನೇ ಎಳೆಯೆಳೆಯಾಗಿ ಬಿಡಿಸಿ ತೆಗೆದು, ಆ ಬಳಿಕ ಮೇಲಿನಿಂದ ಭೂಮಿಯನ್ನೂ ನೇಗಿಲನ್ನೂ ಕೊಟ್ಟು ಮತ್ತೆ ಸಮುದಾಯವನ್ನು ನೇಯಲು ಹೊರಟಂತಾಯಿತು. ಇವರ ಪ್ರಾಮಾಣಿಕತೆಯಲ್ಲಿ ಸಂದೇಹವಿಲ್ಲ. ಆದರೆ ಮುಯ್ಯಿಯ ಸಂಬಂಧವನ್ನು ದಾನದಿಂದ ಹುಟ್ಟಿಸಲು ಬರುವುದಿಲ್ಲ.

ಬೆಟಗೇರಿ, ಗುಳೇದಗುಡ್ಡಗಳಲ್ಲಿ ಸಭೆಗಳು ಬೆಳೆದುದು ನಿಧಾನವಾಗಿ. 1851–52ರಲ್ಲಿ ಬಾಸೆಲ್ಲಿನ ಇನ್‌ಸ್ಪೆಕ್ಟರ್ ಯೋಸೆನ್‌ಹಾನ್ಸರು ಹಿಂದುಸ್ಥಾನದ ಠಾಣೆಗಳನ್ನು ಸಂದರ್ಶಿಸಿ ಹೋದ ಬಳಿಕ ಸಭಾಕ್ರಮವು ಬಿಗಿಯಾಯಿತು. ಪ್ರತಿ ಸಭೆಗೂ ಹಿರಿಯರು. ಬಡವರಿಗಾಗಿ ಒಂದು ನಿಧಿ. ಕುಡಿತ, ಸಾಲ, ಮನೆಜಗಳಗಳ ವಿಚಾರಣೆ. ಕರ್ತನ ಭೋಜನದಲ್ಲಿ ಜಾತಿಭೇದಕ್ಕೆ ಎಡೆಯಿಲ್ಲವೆಂಬ ಕಟ್ಟುನಿಟ್ಟು. ಕೊನೆಯದು ಸಣ್ಣ ಮಾತಲ್ಲ. ತಂಜಾವೂರಿನ ಕಡೆಯ ಹಳೆಯ ಸಭೆಗಳಲ್ಲಿ ಜಾತಿಭೇದವನ್ನು ಬಹುಕಾಲ ಸಹಿಸಿಕೊಳ್ಳಲಾಗಿದ್ದಿತು. ಒಂದೇ ಪಾತ್ರೆಯಿಂದ ಕುಡಿಯಲು ಒಪ್ಪಿದವರು ಮಾತ್ರ ಒಬ್ಬರ ಹೆಣಕ್ಕೆ ಇನ್ನೊಬ್ಬರು ಹೆಗಲು ಕೊಡಬಲ್ಲರು. ಹಾಗೆಂದು ಮದುವೆಯ ವಿಷಯದಲ್ಲಿ ಹಿಂದಣ ಕುಲದ ನೆನಪು ಅಳಿಸಿಹೋಯಿತೆಂದು ಯಾರೂ ತಿಳಿಯಬಾರದು. ಅಷ್ಟು ಬೇಗ ಅಳಿಯುವ ನೆನಪಲ್ಲ ಅದು. ಆದರೂ ಸಭೆ ಸಣ್ಣದಾದುದರಿಂದ ಹುಬ್ಬಳ್ಳಿಯ ಹುಡುಗಿಗೆ ಗುಳೇದಗುಡ್ಡದ ಗಂಡು, ಧಾರವಾಡದವನಿಗೆ ಬೆಟಗೇರಿಯ ಹೆಣ್ಣು ಎಂಬಂತೆ ಠಾಣೆಯಿಂದ ಠಾಣೆಗೆ ನಂಟಸ್ತಿಕೆಯ ಹಾದಿ ಬಿದ್ದಿತು.

ಈ ವ್ಯವಸ್ಥೆಯಲ್ಲಿ ಒಂದು ದೋಷವಿದ್ದಿತು. ನಿಧಿಯ ಬೀಗದ ಕೈ ಬಹುಮಟ್ಟಿಗೆ ಮಿಶನರಿಯ ಬಳಿಯಲ್ಲಿಯೇ ಇರುತ್ತಿದ್ದಿತು. ಮನೆ, ಕೆಲಸ, ಶಾಲೆ, ಔಷಧ ಎಲ್ಲವನ್ನೂ ಕೊಡುವವನೇ ನಡತೆಯನ್ನು ವಿಚಾರಿಸುವವನೂ ಆದರೆ, ಸಭೆಯವನು ಒಕ್ಕಲಾಗಿಯೂ ಉಪದೇಶಕನು ಗೌಡನಾಗಿಯೂ ಮಾರ್ಪಡುವುದು ಸಹಜ. ನಮ್ಮ ಸೀಮೆಯ ‘ಮಾಯಿಬಾಪ್’ ಎಂಬ ಸಂಬೋಧನೆಯಲ್ಲಿ ಗೌರವದಷ್ಟೇ ಪರಾಧೀನತೆಯೂ ಇದೆ.

1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರವು ಈ ಪ್ರಾಂತವನ್ನು ನುಚ್ಚುನೂರು ಮಾಡಿತು. ಗುಳೇದಗುಡ್ಡವನ್ನು ಒಳಗೊಂಡ ಕಲಾದಗಿ ಜಿಲ್ಲೆಯ ಜನಸಂಖ್ಯೆ 1872ರಲ್ಲಿ 8 ಲಕ್ಷವನ್ನು ಮೀರಿದ್ದುದು 1881ರ ಗಣತಿಯಲ್ಲಿ ಸುಮಾರು 6 ಲಕ್ಷ 40 ಸಾವಿರಕ್ಕೆ ಇಳಿಯಿತು. ಬರಗಾಲದಲ್ಲಿ ಮೊದಲು ಕೆಲಸ ನಿಲ್ಲುವುದು ನೇಕಾರನದು. ಉಣ್ಣಲಿಲ್ಲದವನು ಸೀರೆ ಕೊಳ್ಳನು. ಠಾಣೆಗಳಲ್ಲಿ ಗಂಜಿ ಕಾಯಿಸಿದರು, ತಬ್ಬಲಿಗಳನ್ನು ತಂದು ಸಾಕಿದರು. ಇದಕ್ಕೆ ಯುರೋಪಿನಿಂದ ಹಣ ಬಂದುದು ನಿಜ. ಆದರೆ ಒಂದು ಲೆಕ್ಕ ಯಾವ ವರದಿಯಲ್ಲಿಯೂ ಕೂಡುವುದಿಲ್ಲ: ತಬ್ಬಲಿಗೂಸನ್ನು ರಾತ್ರಿ ಎತ್ತಿಕೊಂಡು ಮಲಗುವವಳು ಹಣದಿಂದ ದೊರೆಯುವವಳಲ್ಲ. ಆ ಹೆಂಗಸರು ಸಭೆಯವರು, ಅವರ ಮನೆಯಲ್ಲಿಯೂ ಬರವೇ ಇದ್ದಿತು. ಬರವು ಮುಗಿದ ಮೇಲೆ ಆ ಮಕ್ಕಳು ಬೆಳೆದು ಸಭೆಯಲ್ಲಿಯೇ ಮದುವೆಯಾದರು. ಹೀಗೆ ಊರು, ಕುಲ, ಹಿಂದುಮುಂದು ತಿಳಿಯದವರೂ ಸಭೆಯಲ್ಲಿ ಮನೆತನಗಳಾಗಿ ಬೇರೂರಲು ಹಾದಿಯಾಯಿತು. 1902ರಲ್ಲಿ ಬೆಟಗೇರಿಯಲ್ಲಿ ಸ್ಥಾಪಿತವಾಗಿ ಜನರ ಬಾಯಲ್ಲಿ ಜರ್ಮನ್ ಆಸ್ಪತ್ರೆಯೆಂದೇ ಹೆಸರಾದ ಆಸ್ಪತ್ರೆಗೆ ಗಡಿಯಾಚೆಯ ರೋಗಿಗಳಿಗೂ ದಾರಿ ತೆರೆದಿದ್ದಿತು.

ಸಭೆಯ ಒಳಬಲದ ನಿಜವಾದ ಪರೀಕ್ಷೆ ನಡೆದುದು 1914ರಲ್ಲಿ. ಯುದ್ಧವು ಆರಂಭವಾದೊಡನೆ ಜರ್ಮನ್ ಪ್ರಜೆಗಳಾದ ಮಿಶನರಿಗಳು ಶತ್ರುರಾಷ್ಟ್ರದವರಾದರು. ಹಲವರನ್ನು ಅಹಮದನಗರದ ಶಿಬಿರದಲ್ಲಿಟ್ಟು ಅನಂತರ ಸ್ವದೇಶಕ್ಕೆ ಕಳುಹಿಸಲಾಯಿತು. ಮಿಶನ್ನಿನ ಕಾರಖಾನೆಗಳು ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಎಂಬತ್ತು ವರ್ಷ ಕೊಟ್ಟು ಕಾದ ಕೈ ಹಠಾತ್ತಾಗಿ ಮರೆಯಾಯಿತು. ಅನ್ನದ ಆಸೆಯಿಂದಲೇ ಕೂಡಿದ ಸಭೆಗಳಾಗಿದ್ದರೆ ಆಗಲೇ ಚೆದುರಿಹೋಗಬೇಕಾಗಿತ್ತು. ಸಭೆಗಳು ಚೆದುರಲಿಲ್ಲ. ಸ್ವಿಸ್ ಪ್ರಜೆಗಳ ಅಲ್ಪಸ್ವಲ್ಪ ನೆರವಿನೊಡನೆ ದೇಶೀಯ ಪಾಲಕರೂ ಹಿರಿಯರೂ ಭಾರವನ್ನು ಹೊತ್ತರು. 1920ರ ದಶಕದಲ್ಲಿ ಬಾಸೆಲ್ಲಿನವರು ಮರಳಿ ಬಂದಾಗ ಕಂಡುದು ತಾವು ಬಿಟ್ಟುಹೋದ ಒಕ್ಕಲುಗಳನ್ನಲ್ಲ. ಹೊಣೆ ಹೊತ್ತು ರೂಢಿಯಾದ ಜನರನ್ನು. ಮುಂದಣ ದಶಕದಲ್ಲಿ ಯುನೈಟೆಡ್ ಬಾಸೆಲ್ ಮಿಶನ್ ಚರ್ಚು ಎಂಬ ಸ್ವಯಮಾಡಳಿತದ ಸಂಸ್ಥೆ ರೂಪುಗೊಂಡುದಕ್ಕೆ ಈ ವರ್ಷಗಳೇ ತಳಹದಿ.

ಈ ಚರಿತ್ರೆಯನ್ನು ಬರೆಯಬಯಸುವ ವಿದ್ಯಾರ್ಥಿಗೆ ಬಾಸೆಲ್ ನಗರದ ದಫ್ತರದಲ್ಲಿರುವ ಪತ್ರಗಳು ಮುಖ್ಯ ಆಕರವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ಪತ್ರಗಳನ್ನು ಬರೆದವರು ಕೊಡುವ ಕೈಯವರು. ಸಭೆಗಳ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಹಳೆಯ ದಾಖಲೆಗಳನ್ನೂ ಕಾಣಿಕೆಯ ಲೆಕ್ಕದ ಪುಸ್ತಕಗಳನ್ನೂ ನಮ್ಮವರು ಇನ್ನೂ ಸಾಕಷ್ಟು ಓದಿಲ್ಲ. ಸುಗ್ಗಿಯ ಹಬ್ಬದಂದು ಸಭೆಯವರು ತಂದ ಜೋಳ, ಕುಂಬಳ, ಕೋಳಿಗಳನ್ನು ಗುಡಿಯ ಅಂಗಳದಲ್ಲಿಯೇ ಹರಾಜು ಹಾಕುವ ವಾಡಿಕೆ ಕನ್ನಡ ಕ್ರೈಸ್ತ ಸಭೆಗಳಲ್ಲಿ ಇಂದಿಗೂ ಇದೆ. ಅಲ್ಲಿ ಬಡವೆಯೊಬ್ಬಳ ಕುಂಬಳಕಾಯಿ ಪೇಟೆಯ ಬೆಲೆಗೆ ಹೋಗುವುದಿಲ್ಲ. ಒಬ್ಬರ ಮೇಲೊಬ್ಬರು ಕೂಗಿ ಅದರ ಬೆಲೆಯನ್ನು ಏರಿಸುತ್ತಾರೆ, ಕೊಂಡವನು ಕೆಲವೊಮ್ಮೆ ಅದನ್ನೇ ಮತ್ತೆ ಹರಾಜಿಗೆ ಒಪ್ಪಿಸುತ್ತಾನೆ. ಯಾರು ಎಷ್ಟಕ್ಕೆ ಕೂಗಿದರು ಎಂಬುದನ್ನು ಒಬ್ಬ ಹಿರಿಯನು ಪಕ್ಕದಲ್ಲಿ ಕುಳಿತು ಬರೆದುಕೊಳ್ಳುತ್ತಾನೆ.