ವನ್ಯಜೀವಿ ಮಂಡಳಿಯಲ್ಲಿ ನಮ್ಮವರನ್ನ ಆರಿಸೋರು ಯಾರು?

ಸ್ವಲ್ಪ ಉದ್ದದ ಪೋಸ್ಟ್ ಇದು. ಪೂರ್ತಿ ಓದಿ, ಆಮೇಲೆ ಜಗಳ ಮಾಡಿ.

ಹೆಗ್ಗಡದೇವನಕೋಟೆ ಕಡೆ ಒಂದು ಹಾಡಿಯಲ್ಲಿ ಅರಣ್ಯ ಹಕ್ಕಿನ ಅರ್ಜಿ ಬರೆಯೋಕೆ ಕೂತಿದ್ವಿ. ಒಬ್ಬ ಹುಡುಗ ಮೊಬೈಲ್ ನೋಡ್ತಾ, "ವನ್ಯಜೀವಿ ಮಂಡಳಿಗೆ ಸಾರ್ವಜನಿಕರನ್ನೂ ಸೇರಿಸ್ಕೋತಾರಂತೆ" ಅಂದ. ಪಕ್ಕದಲ್ಲಿ ಎಲೆ ಅಡಿಕೆ ಹಾಕ್ತಿದ್ದ ಜೇನುಕುರುಬರ ಅಜ್ಜಿ ಕೇಳಿದ್ರು: "ಸಾರ್ವಜನಿಕರು ಅಂದ್ರೆ ಯಾರಪ್ಪಾ? ನಾವಾ?"

ಆವತ್ತು ನನ್ನ ಹತ್ರ ಉತ್ತರ ಇರಲಿಲ್ಲ. ಮನೆಗೆ ಬಂದು ಕಾನೂನು ತೆಗೆದು ಓದಿದೆ, ಅದರ ಹಿಂದಿನ ಚರಿತ್ರೆಯನ್ನೂ ಓದಿದೆ. ಅಜ್ಜಿಗೆ ಕೊಡಬೇಕಾಗಿದ್ದ ಉತ್ತರ ಇದು.

ಕಥೆ ನಮ್ಮ ಮೈಸೂರಿನಿಂದಲೇ ಶುರುವಾಗುತ್ತೆ. 1952ರಲ್ಲಿ ಕೇಂದ್ರ ಸರ್ಕಾರ ದೇಶಕ್ಕೆ ಒಂದು ವನ್ಯಜೀವಿ ಮಂಡಳಿ ಮಾಡಿತು. ಅದರ ಮೊದಲ ಅಧ್ಯಕ್ಷರು ಜಯಚಾಮರಾಜ ಒಡೆಯರ್. ಮೊದಲ ಸಭೆ ನಡೆದಿದ್ದೂ ಅದೇ ವರ್ಷದ ಕೊನೆಗೆ ಮೈಸೂರಿನಲ್ಲೇ. ಆ ಕಾಲಕ್ಕೆ ಕಾಡು ಉಳಿಸೋ ಮಾತು ಆಡ್ತಿದ್ದವರು ರಾಜಮನೆತನದವರು, ಅರಣ್ಯಾಧಿಕಾರಿಗಳು, ನಿಸರ್ಗ ತಜ್ಞರು. ಅವರಲ್ಲಿ ಎಷ್ಟೋ ಜನ ಮೊದಲು ಬೇಟೆಗಾರರಾಗಿದ್ದವರೇ. ಅವರ ಕಾಳಜಿ ಸುಳ್ಳು ಅಂತ ನಾನು ಹೇಳಲ್ಲ. ಆದರೆ ಕಾಡಿನಲ್ಲಿ ಹುಟ್ಟಿ ಕಾಡಿನಲ್ಲೇ ಸಾಯೋರಿಗೆ ಆ ಮೇಜಿನ ಸುತ್ತ ಕುರ್ಚಿ ಹಾಕಬೇಕು ಅನ್ನೋದು ಯಾರ ತಲೆಗೂ ಹೊಳೆದಂತಿಲ್ಲ.

ಕಾಡಿನವರು ಆಗ ಎಲ್ಲಿದ್ರು? ಕಾಕನಕೋಟೆ ಖೆಡ್ಡಾ ನೆನಪು ಮಾಡ್ಕೊಳ್ಳಿ. ಸ್ಯಾಂಡರ್ಸನ್ ಅನ್ನೋ ಬ್ರಿಟಿಷ್ ಅಧಿಕಾರಿ 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಆನೆ ಹಿಡಿಯೋ ಖೆಡ್ಡಾ ಶುರು ಮಾಡಿದ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅಟ್ಟಣಿಗೆ ಮೇಲೆ ಅತಿಥಿಗಳು ಕೂತು ನೋಡೋರು. ಆನೆ ಜಾಡು ಹಿಡಿದವರು, ಹಿಂಡು ಅಟ್ಟಿದವರು, ಹಿಡಿದ ಆನೆಗಳನ್ನ ಪಳಗಿಸಿದವರಲ್ಲಿ ಜೇನುಕುರುಬರು ಇದ್ದರು. ಆನೆ ಹಿಡಿಯೋಕೆ ಅವರ ಬುದ್ಧಿ ಬೇಕಿತ್ತು. ಆನೆ ಉಳಿಸೋ ಕಾಲ ಬಂದಾಗ ಅದೇ ಬುದ್ಧಿ ಯಾರಿಗೂ ಬೇಡವಾಯ್ತು.

ಬಂಡೀಪುರದಲ್ಲಿ 1931ರಲ್ಲಿ ಸುಮಾರು 90 ಚದರ ಕಿಲೋಮೀಟರ್ ಕಾಡನ್ನ ಮಹಾರಾಜರು ಅಭಯಾರಣ್ಯ ಮಾಡಿದ್ದರು. ಹತ್ತು ವರ್ಷದಲ್ಲಿ ಅದು ವೇಣುಗೋಪಾಲ ವನ್ಯಜೀವಿ ಉದ್ಯಾನ ಅಂತಾಗಿ ಸುಮಾರು 800 ಚದರ ಕಿಲೋಮೀಟರ್‌ಗೆ ಬೆಳೆಯಿತು. 1973ರಲ್ಲಿ ಹುಲಿ ಯೋಜನೆ ಬಂತು. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಗಿ, ಮುಂದೆ ರಾಷ್ಟ್ರೀಯ ಉದ್ಯಾನವಾಯ್ತು. ನಕ್ಷೆ ಮೇಲೆ ಗೆರೆ ಎಳೆದಂತೆಲ್ಲ ಒಳಗಿದ್ದ ಹಾಡಿಗಳು ಹೊರಗೆ ಬಂದವು. ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಾಗ, ನಾಗರಹೊಳೆಯಿಂದ ಎತ್ತಂಗಡಿಯಾಗಿ ಪುನರ್ವಸತಿ ಸಿಗಬೇಕಾದ ಆದಿವಾಸಿ ಕುಟುಂಬಗಳು 3,418 ಅಂತ ಲೆಕ್ಕ ಕೊಟ್ಟಿತು. ಒಂದೊಂದು ಕುಟುಂಬಕ್ಕೆ ನಾಲ್ಕೇ ಜನ ಅಂದುಕೊಂಡರೂ ಒಂದು ಸಣ್ಣ ಪಟ್ಟಣವೇ ಆಯ್ತು.

ಈಗ ಕಾನೂನಿಗೆ ಬರೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರತಿ ರಾಜ್ಯಕ್ಕೂ ಒಂದು ಸಲಹಾ ಮಂಡಳಿ ಇರಬೇಕು ಅಂದಿತು. ಅರಣ್ಯ ಮಂತ್ರಿ ಅಧ್ಯಕ್ಷರು, ಉಳಿದಂತೆ ಶಾಸಕರು, ಅಧಿಕಾರಿಗಳು, ಜೊತೆಗೆ ಸರ್ಕಾರದ ಕಣ್ಣಿಗೆ ವನ್ಯಜೀವಿ ಬಗ್ಗೆ ಆಸಕ್ತಿ ಇರೋರು ಅಂತ ಕಾಣೋ ಹತ್ತು ಜನ. 2002ರ ತಿದ್ದುಪಡಿಗೆ ಮುಂಚೆ ಆ ಕಲಂ ಬುಡಕಟ್ಟು ಪ್ರತಿನಿಧಿಗಳ ಬಗ್ಗೆ ಏನು ಹೇಳ್ತಿತ್ತು ಗೊತ್ತಾ? "ಮೂವರಿಗೆ ಮೀರದಂತೆ" ಅಂತ. ಅಂದ್ರೆ ಇಷ್ಟಕ್ಕಿಂತ ಹೆಚ್ಚು ಬರಬಾರದು ಅಂತ ಮಿತಿ. ಕನಿಷ್ಠ ಇಷ್ಟು ಜನ ಇರಲೇಬೇಕು ಅನ್ನೋ ಮಾತು ಇರಲಿಲ್ಲ. ಒಬ್ಬರೂ ಇಲ್ಲದಿದ್ರೂ ಕಾನೂನಿಗೆ ತೊಂದರೆ ಇರಲಿಲ್ಲ, ನಾಲ್ಕನೆಯವರು ಬಂದ್ರೆ ಮಾತ್ರ ತೊಂದರೆ.

2002ರ ತಿದ್ದುಪಡಿ ಇದನ್ನ ಬದಲಾಯಿಸಿತು. ಈಗಿನ ರಾಜ್ಯ ವನ್ಯಜೀವಿ ಮಂಡಳಿಗೆ ಮುಖ್ಯಮಂತ್ರಿ ಅಧ್ಯಕ್ಷರು, ಅರಣ್ಯ ಮಂತ್ರಿ ಉಪಾಧ್ಯಕ್ಷರು. ಮೂವರು ಶಾಸಕರು, ಸ್ವಯಂಸೇವಾ ಸಂಸ್ಥೆಗಳಿಂದ ಮೂವರು, ಹೆಸರಾಂತ ಸಂರಕ್ಷಕರು ಮತ್ತು ಪರಿಸರ ತಜ್ಞರಲ್ಲಿ ಹತ್ತು ಜನ. ಆ ಹತ್ತರಲ್ಲಿ ಕನಿಷ್ಠ ಇಬ್ಬರು ಪರಿಶಿಷ್ಟ ಪಂಗಡದ ಪ್ರತಿನಿಧಿಗಳು ಇರಬೇಕು. ಉಳಿದವರೆಲ್ಲ ಅಧಿಕಾರಿಗಳು ಮತ್ತು ಸಂಸ್ಥೆಗಳ ಪ್ರತಿನಿಧಿಗಳು: ಅರಣ್ಯ, ಪೊಲೀಸ್, ಸೈನ್ಯ, ಪಶುಸಂಗೋಪನೆ, ಮೀನುಗಾರಿಕೆ. ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ವ್ಯವಸ್ಥಾಪಕ ನಿರ್ದೇಶಕರಿಗೂ ಅಲ್ಲಿ ಖಾಯಂ ಕುರ್ಚಿ.

ಇದನ್ನ ಓದುವಾಗ ನನಗೆ 1996ರ ನಾಗರಹೊಳೆ ನೆನಪಾಗುತ್ತೆ. ಹಾಡಿಯವರನ್ನ ಹೊರಗೆ ಕಳಿಸ್ತಿದ್ದ ಅದೇ ಕಾಡಿನೊಳಗೆ ಒಂದು ದೊಡ್ಡ ಹೋಟೆಲ್ ಕಂಪನಿಗೆ ರೆಸಾರ್ಟ್ ನಡೆಸೋಕೆ ಜಾಗ ಕೊಟ್ಟಿದ್ದರು. ಅದರ ವಿರುದ್ಧ ಬೀದಿಗಿಳಿದವರು, ಕೋರ್ಟ್ ಮೆಟ್ಟಿಲು ಹತ್ತಿದವರು ಆದಿವಾಸಿಗಳು. 1997ರಲ್ಲಿ ಹೈಕೋರ್ಟ್ ಅವರ ಪರ ನಿಂತಿತು. ಆ ಕಾಡನ್ನ ರೆಸಾರ್ಟಿನಿಂದ ಉಳಿಸಿದವರಿಗೆ "ಹೆಸರಾಂತ ಸಂರಕ್ಷಕರು" ಅಂತ ಯಾರೂ ಹೇಳಲಿಲ್ಲ.

ಇನ್ನೊಂದು ವಿಷಯ. ಆ ಕಲಮಿನಲ್ಲಿ "ಪರಿಶಿಷ್ಟ ಜಾತಿ" ಅನ್ನೋ ಪದವೇ ಇಲ್ಲ. ಗುಂಡ್ಲುಪೇಟೆ, ಕೋಟೆ, ಹನೂರು ಕಡೆ ಬನ್ನಿ, ಕಾಡಂಚಿನ ಕೇರಿಗಳನ್ನ ತೋರಿಸ್ತೀನಿ. ಬೇಸಿಗೆ ಬಂತು ಅಂದ್ರೆ ಬೆಂಕಿ ರೇಖೆ ಸವರೋಕೆ ದಿನಗೂಲಿಗೆ ಹೋಗೋರು ನಮ್ಮವರು. ದನ ಮೇಯಿಸಿದ್ರೆ, ಸೌದೆ ತಂದ್ರೆ ಕೇಸು ಹಾಕಿಸ್ಕೊಳ್ಳೋರೂ ನಮ್ಮವರು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲೂ ದಲಿತರು "ಇತರೆ ಪಾರಂಪರಿಕ ಅರಣ್ಯವಾಸಿ"ಗಳ ಸಾಲಿಗೆ ಬರ್ತಾರೆ. ಮೂರು ತಲೆಮಾರು, ಅಂದ್ರೆ 75 ವರ್ಷ ಅಲ್ಲಿದ್ದೆವು ಅಂತ ಸಾಬೀತು ಮಾಡಬೇಕು. ಅಕ್ಷರವನ್ನೇ ಕೊಡದವರ ಹತ್ರ 75 ವರ್ಷದ ಕಾಗದ ಕೇಳ್ತಾರೆ!

"ಮಂಡಳಿಯಲ್ಲಿ ಕೂತು ಏನು ಕಡಿದು ಕಟ್ಟೆ ಹಾಕ್ತೀರಿ?" ಅಂತ ಕೆಲವು ಗೆಳೆಯರು ಕೇಳ್ತಾರೆ. ಯಾವ ಕಾಡು ಅಭಯಾರಣ್ಯ ಆಗಬೇಕು, ಅದನ್ನ ಹೇಗೆ ನಡೆಸಬೇಕು ಅಂತ ಸರ್ಕಾರಕ್ಕೆ ಸಲಹೆ ಕೊಡೋದು ಈ ಮಂಡಳಿ. ಅಭಯಾರಣ್ಯದೊಳಗೆ ರಸ್ತೆ, ಕಾಲುವೆ, ವಿದ್ಯುತ್ ಲೈನ್ ಬಂದರೆ ಆ ಪ್ರಸ್ತಾವ ಇದರ ಮುಂದೆ ಬರುತ್ತೆ. ಬುಡಕಟ್ಟಿನವರ ಮತ್ತು ಇತರ ಅರಣ್ಯವಾಸಿಗಳ ಅಗತ್ಯಗಳನ್ನ ವನ್ಯಜೀವಿ ರಕ್ಷಣೆ ಜೊತೆ ಹೊಂದಿಸೋ ಬಗ್ಗೆ ಸಲಹೆ ಕೊಡೋದೂ ಇದರ ಕರ್ತವ್ಯ ಅಂತ ಕಾಯ್ದೆಯ 8ನೇ ಕಲಂ ಹೇಳುತ್ತೆ. ನಮ್ಮ ಅಗತ್ಯ ಏನು ಅಂತ ಅಲ್ಲಿ ಬೇರೆಯವರು ಹೇಳ್ತಾರೆ.

ಬಾಬಾಸಾಹೇಬರು 1919ರಲ್ಲಿ ಸೌತ್‌ಬರೋ ಸಮಿತಿ ಮುಂದೆ ಹಿಡಿದದ್ದು ಇದೇ ಎಳೆಯನ್ನ. ಅಭಿಪ್ರಾಯಕ್ಕೆ ಪ್ರಾತಿನಿಧ್ಯ ಸಿಕ್ಕರೆ ಸಾಲದು, ಮನುಷ್ಯರಿಗೂ ಸಿಗಬೇಕು ಅನ್ನೋದು ಅವರ ವಾದ. 1932ರ ಪೂನಾ ಒಪ್ಪಂದದಲ್ಲಿ ನಮ್ಮ ಸೀಟುಗಳು ಜಾಸ್ತಿಯಾದವು, ಆದರೆ ಆ ಸೀಟಿಗೆ ಯಾರು ಅಂತ ನಾವೇ ತೀರ್ಮಾನಿಸೋ ಪ್ರತ್ಯೇಕ ಮತಕ್ಷೇತ್ರ ಕೈಬಿಟ್ಟು ಹೋಯ್ತು. ಬೇರೆಯವರ ಮತದಿಂದ ಗೆದ್ದವನು ಬೇರೆಯವರ ಮುಖ ನೋಡ್ತಾನೆ ಅನ್ನೋ ನೋವು ಬಾಬಾಸಾಹೇಬರನ್ನ ಕೊನೆವರೆಗೂ ಬಿಡಲಿಲ್ಲ. ವನ್ಯಜೀವಿ ಮಂಡಳಿಯಲ್ಲಿ ಮತವೂ ಇಲ್ಲ. ಸರ್ಕಾರ ಹೆಸರು ಬರೆಯುತ್ತೆ, ಅಷ್ಟೆ. ನಾಮನಿರ್ದೇಶನಗೊಂಡವರು ಒಳ್ಳೆಯವರೇ ಇರಬಹುದು. ಆದರೆ ಸಭೆಯಲ್ಲಿ ಎದ್ದು "ಇದು ಆಗಲ್ಲ" ಅಂದ್ರೆ ಮುಂದಿನ ಪಟ್ಟಿಯಲ್ಲಿ ಅವರ ಹೆಸರು ಇರುತ್ತಾ?

ಬೇರೆ ದಾರಿ ಇದೆ, ನಮ್ಮ ಕಾನೂನಿನಲ್ಲೇ ಇದೆ. ಅರಣ್ಯ ಹಕ್ಕು ಸಮಿತಿಯನ್ನ ಗ್ರಾಮಸಭೆಯೇ ಚುನಾಯಿಸಬೇಕು. 10ರಿಂದ 15 ಜನ, ಮೂರನೇ ಒಂದು ಭಾಗ ಹೆಣ್ಣುಮಕ್ಕಳು. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರ ಜನವರಿಯಲ್ಲಿ ಹುಲಿ ಮೀಸಲು ಘೋಷಣೆಯಾಯ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಇರೋ ಕಾಡಿನಲ್ಲೇ ಜನರ ಹಕ್ಕನ್ನೂ ಒಪ್ಪಬಹುದು ಅಂತ ನಮ್ಮ ರಾಜ್ಯವೇ ತೋರಿಸಿದೆ.

ನಮ್ಮ ತಪ್ಪನ್ನೂ ಹೇಳಿಬಿಡ್ತೀನಿ. ಭೂಮಿ, ಹಾಸ್ಟೆಲ್, ಮೀಸಲಾತಿ ಅಂತ ಬಡಿದಾಡಿದ ನಮ್ಮ ಚಳವಳಿ ಕಾಡಿನ ಕಡೆ ತಿರುಗಿ ನೋಡಿದ್ದು ಕಡಿಮೆ. ಹುಲಿ ವಿಷಯ ಸಿಟಿಯವರದ್ದು ಅಂತ ಬಿಟ್ಟುಬಿಟ್ವಿ. ಹಾಡಿಯವರ ಜೊತೆ ಕೂತು ಊಟ ಮಾಡಿದ್ದೂ ಕಡಿಮೆ. ಹುಲಿ ಬೇಡ ಅಂತ ನಾನು ಹೇಳ್ತಿಲ್ಲ, ವಿಜ್ಞಾನಿಗಳು ಮಂಡಳಿ ಬಿಟ್ಟು ಹೋಗಲಿ ಅಂತಲೂ ಹೇಳ್ತಿಲ್ಲ. ಅವರ ಪಕ್ಕ ಇನ್ನೊಂದು ಕುರ್ಚಿ ಹಾಕಿ ಅಂತ ಕೇಳ್ತಿದೀನಿ.

ನಮ್ಮ ಬೇಡಿಕೆಗಳು ಇಷ್ಟು:

1. ಪರಿಶಿಷ್ಟ ಪಂಗಡದ ಇಬ್ಬರ ಹೆಸರನ್ನ ಕಾಡಿನ ಹಾಡಿ ಮತ್ತು ಪೋಡುಗಳ ಗ್ರಾಮಸಭೆಗಳು ಕಳಿಸಲಿ, ಸರ್ಕಾರ ಅದನ್ನ ಒಪ್ಪಲಿ. ಅವರಲ್ಲಿ ಒಬ್ಬರು ಹೆಣ್ಣುಮಗಳು ಇರಲಿ.

2. "ಕನಿಷ್ಠ ಇಬ್ಬರು" ಅಂದ್ರೆ ಇಬ್ಬರೇ ಅಂತ ಅರ್ಥ ಅಲ್ಲ. ಆ ಹತ್ತು ಸ್ಥಾನಗಳಲ್ಲಿ ಕಾಡಂಚಿನ ದಲಿತರಿಗೂ ಜಾಗ ಕೊಡಿ.

3. 2022ರ ತಿದ್ದುಪಡಿ ಮಂಡಳಿಯೊಳಗೆ ಒಂದು ಸಣ್ಣ ಸ್ಥಾಯಿ ಸಮಿತಿಗೆ ಅವಕಾಶ ಕೊಟ್ಟಿದೆ. ನಿಜವಾದ ತೀರ್ಮಾನಗಳು ಅಲ್ಲಿ ಆಗುವುದಾದರೆ ಈ ಪ್ರತಿನಿಧಿಗಳು ಅಲ್ಲೂ ಇರಬೇಕು.

4. ಸಭೆಯ ವಿಷಯಪಟ್ಟಿ, ನಡಾವಳಿ ಎಲ್ಲ ಕನ್ನಡದಲ್ಲಿ ಮುಂಚಿತವಾಗಿ ಗ್ರಾಮಸಭೆಗೆ ತಲುಪಲಿ.

ಇದರಲ್ಲಿ ಮೊದಲ ಎರಡಕ್ಕೆ ದೆಹಲಿಯ ಕಾನೂನು ತಿದ್ದಬೇಕಾಗಿಲ್ಲ. ಹೆಸರಿಸೋ ಅಧಿಕಾರ ರಾಜ್ಯ ಸರ್ಕಾರದ್ದೇ. ಯಾರನ್ನ ಕೇಳಿ ಹೆಸರಿಸಬೇಕು ಅನ್ನೋದಷ್ಟೇ ಪ್ರಶ್ನೆ.

ಅಜ್ಜಿ, ಸಾರ್ವಜನಿಕರು ಅಂದ್ರೆ ನೀವೇ. ಆದರೆ ಆ ಪಟ್ಟಿ ಬರೆಯೋರಿಗೆ ಅದು ಇನ್ನೂ ಗೊತ್ತಿಲ್ಲ. ಗೊತ್ತು ಮಾಡಿಸೋಣ. ಮುಂದಿನ ಗ್ರಾಮಸಭೆಯಲ್ಲಿ ಇದನ್ನ ಠರಾವು ಮಾಡಿ ಕಳಿಸೋಣ. ಬೇರೆ ತಾಲ್ಲೂಕಿನ ಗೆಳೆಯರೂ ಮಾಡಿ. ಠರಾವಿನ ಮಾದರಿ ಬೇಕಾದವರು ಮೆಸೇಜ್ ಹಾಕಿ, ಕಳಿಸ್ತೀನಿ.

ಜೈ ಭೀಮ್.