ಕೊಂಡು ತಂದ ಹಾಫ್‌ಬ್ಯಾಕ್

ಫುಟ್‌ಬಾಲ್ ಪ್ರೇಕ್ಷಕನ ಕೋಪದಲ್ಲಿ ಎರಡು ಬಗೆ. ಒಂದು ಬೇಗ ಆರುವ ಕೋಪ. ಮುಂಪಡೆಯವನೊಬ್ಬ ಬರಿದಾದ ಗೋಲಿನೆದುರು ನಿಂತು ಚೆಂಡನ್ನು ಆಕಾಶಕ್ಕೆ ಒದ್ದರೆ ಜನ ಹಣೆ ಚಚ್ಚಿಕೊಳ್ಳುತ್ತಾರೆ. ಮುಂದಿನ ವಾರ ಅವನೇ ಗೋಲು ಹೊಡೆದರೆ ಎಲ್ಲವನ್ನೂ ಮರೆತು ಹೆಗಲ ಮೇಲೆ ಹೊರುತ್ತಾರೆ. ಇನ್ನೊಂದು, ಋತುವಿಡೀ ಹೊಗೆಯಾಡುವ ಕೋಪ. ದೊಡ್ಡ ಹೆಸರಿನವನೆಂದು ಹಣ ಕೊಟ್ಟು ತಂದ ಮಧ್ಯಪಡೆಯ ಆಟಗಾರ ಹೆಸರಿಗೆ ತಕ್ಕಂತೆ ಆಡದಿದ್ದರೆ ಬರುವುದು ಈ ಎರಡನೆಯದು. ಅವನು ಮಾಡಿದ ತಪ್ಪು ಇಂಥದೆಂದು ಬೆರಳಿಟ್ಟು ತೋರಿಸುವುದು ಕಷ್ಟ. ಆದರೂ ತಂಡ ಸೋತಾಗಲೆಲ್ಲ ಗ್ಯಾಲರಿಯ ಮಾತು ಅವನ ಕಡೆಗೇ ತಿರುಗುತ್ತದೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕುಳಿತು ಇಂಥ ಮಾತನ್ನು ನಾನೂ ಕೇಳಿದ್ದೇನೆ. ಕೇಳಿದಾಗಲೆಲ್ಲ, ಈ ಕೋಪಕ್ಕೆ ನಮ್ಮಲ್ಲಿ ಒಂದು ಹಿಂದಿನ ಕಥೆಯಿದೆ, ಅದನ್ನು ನಾವು ಮರೆತಿದ್ದೇವೆ ಎನಿಸಿದೆ.

ನಾನು ನಾಲವಾರದ ಕಡೆಯವನು. ವಾಡಿಗೂ ಯಾದಗಿರಿಗೂ ನಡುವೆ ರೈಲುಮಾರ್ಗದ ಮೇಲಿರುವ ಊರು ಅದು. ನಮ್ಮ ಕಡೆಯ ಜಾತ್ರೆಗಳಲ್ಲಿ ಜನ ಮುಗಿಬೀಳುವುದು ಕುಸ್ತಿಗೆ, ಫುಟ್‌ಬಾಲಿಗಲ್ಲ. 1956ರ ನವೆಂಬರ್ 1ರವರೆಗೆ ಗುಲ್ಬರ್ಗ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಆದ್ದರಿಂದ ನಮ್ಮ ಹಿರಿಯರಿಗೆ ರಾಜಧಾನಿಯೆಂದರೆ ಹೈದರಾಬಾದ್, ನಮ್ಮ ಕಾಲಕ್ಕೆ ಅದು ಬೆಂಗಳೂರಾಯಿತು. ಭಾರತದ ಫುಟ್‌ಬಾಲ್ ಚರಿತ್ರೆಯನ್ನು ಓದುವಾಗ ಈ ಎರಡು ಊರುಗಳೂ ಮತ್ತೆ ಮತ್ತೆ ಎದುರಾಗುತ್ತವೆ, ಅದೂ ಒಂದೇ ವೇಷದಲ್ಲಿ: ಆಟಗಾರರನ್ನು ಬೆಳೆಸಿ ಬೇರೆಯವರಿಗೆ ಕೊಟ್ಟ ಊರುಗಳಾಗಿ. ಕೊಳ್ಳುವವರ ಕೋಪ ನಮಗೆ ಹೊಸದು. ಬಹುಕಾಲ ನಾವು ಇದ್ದದ್ದು ಅಂಗಡಿಯ ಇನ್ನೊಂದು ಬದಿಯಲ್ಲಿ.

ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಪಲ್ಟಣಗಳು ಆಡುತ್ತಿದ್ದ ಆಟವನ್ನು ಸುತ್ತಲಿನ ಬಡಾವಣೆಗಳ ಹುಡುಗರು ನೋಡಿ ಕಲಿತರು, ಬರಿಗಾಲಿನಲ್ಲೇ ಆಡಿದರು. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅದೇ ದಶಕದಲ್ಲಿ, 1934ರಿಂದ 1938ರವರೆಗೆ, ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ಅಲ್ಲಿನ ಲೀಗನ್ನು ಸತತವಾಗಿ ಐದು ಸಲ ಗೆದ್ದಾಗ ಆ ತಂಡದಲ್ಲಿ ಬೆಂಗಳೂರಿನಿಂದ ಹೋದ ಆಟಗಾರರಿದ್ದರು. ಈಸ್ಟ್ ಬೆಂಗಾಲ್ ಕೂಡ ಇಲ್ಲಿಂದ ಲಕ್ಷ್ಮೀನಾರಾಯಣ, ಮುರುಗೇಶ್ ಮೊದಲಾದವರನ್ನು ಕರೆಸಿಕೊಂಡಿತು. ಮುಂದೆ ಅದೇ ಕ್ಲಬ್ಬಿನ ‘ಪಂಚಪಾಂಡವ’ರಲ್ಲಿ ಒಬ್ಬನೆನಿಸಿದ ಅಹಮದ್ ಖಾನ್ ಬೆಂಗಳೂರಿನವನೇ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಕೂಡ ಇಲ್ಲಿಯವನು. 1952ರಲ್ಲಿ ಹೆಲ್ಸಿಂಕಿಯಲ್ಲಿ ಭಾರತ ಯುಗೊಸ್ಲಾವಿಯಕ್ಕೆ 10–1ರಿಂದ ಸೋತಾಗ ಆ ಒಂದು ಗೋಲು ಅಹಮದ್ ಖಾನನದು.

ಹೈದರಾಬಾದಿನ ಕಥೆಯೂ ಇದಕ್ಕೆ ಸಮೀಪದ್ದೇ. ಅಲ್ಲಿಯ ಸಿಟಿ ಪೋಲೀಸ್ ತಂಡ 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ ರೋವರ್ಸ್ ಕಪ್ಪನ್ನು ಗೆದ್ದಿತು. ಅದನ್ನು ತಿದ್ದಿ ಬೆಳೆಸಿದವರು ಸೈಯದ್ ಅಬ್ದುಲ್ ರಹೀಮ್. ಶಿಕ್ಷಕರಾಗಿದ್ದ ಅವರು ಹುಡುಗರಿಗಾಗಿ ಎಡಗಾಲು ದುರ್ಬಲವಾಗಿದ್ದವರು ಎಡಗಾಲಿನಲ್ಲೇ ಆಡಬೇಕೆಂಬಂಥ ಪಂದ್ಯಾವಳಿಗಳನ್ನು ನಡೆಸುತ್ತಿದ್ದರು. ಹೀಗೆ ಬೆಳೆದ ಬೆಳೆಯೂ ಕಲ್ಕತ್ತೆಯ ಕಣಜಕ್ಕೆ ಹೋಯಿತು. ಸಿಕಂದರಾಬಾದಿನ ತುಳಸೀದಾಸ್ ಬಲರಾಮ್ 1957ರಲ್ಲಿ ಈಸ್ಟ್ ಬೆಂಗಾಲ್ ಸೇರಿದ.

ಆ ದಿನಗಳ ಕೊಳ್ಳುವಿಕೆ ಇಂದಿನಂತೆ ಕರಾರುಪತ್ರದ ವ್ಯಾಪಾರವಾಗಿರಲಿಲ್ಲ. ಆಟ ಹೆಸರಿಗೆ ಹವ್ಯಾಸಿಗಳದು. ಕೊಡುತ್ತಿದ್ದುದು ಒಂದು ನೌಕರಿ, ಇರಲೊಂದು ನೆಲೆ, ಕೈಖರ್ಚು. ಆದರೂ ನಿರೀಕ್ಷೆಯ ಭಾರ ಇದ್ದೇ ಇತ್ತು. ಇಪ್ಪತ್ತು ವರ್ಷದ ಹುಡುಗನೊಬ್ಬ ಭಾಷೆ ಬಾರದ ಊರಿಗೆ ಹೋಗಿ, ಮೀನು-ಅನ್ನದ ಊಟಕ್ಕೆ ಹೊಂದಿಕೊಂಡು, ಮಳೆಯಲ್ಲಿ ಕೆಸರಾದ ಮೈದಾನದಲ್ಲಿ ಆಡಬೇಕು. ‘ಹೊರಗಿನವನನ್ನು ಏಕೆ ತಂದಿರಿ, ನಮ್ಮ ಹುಡುಗರಿಲ್ಲವೇ?’ ಎಂಬ ಪ್ರಶ್ನೆ ಹೊರಗಿನಿಂದ ಬಂದ ಪ್ರತಿಯೊಬ್ಬನ ಬೆನ್ನ ಹಿಂದೆಯೂ ನಿಂತಿರುತ್ತದೆ. ಇಂದು ನಾವು ಕಂಠೀರವದಲ್ಲಿ ಕೇಳುವ ಪ್ರಶ್ನೆ ಅಂದು ನಮ್ಮ ಹುಡುಗರನ್ನು ಕುರಿತಾದ ಪ್ರಶ್ನೆಯಾಗಿತ್ತು.

ಈ ಪ್ರಶ್ನೆ ಮಧ್ಯಪಡೆಯವನಿಗೆ ಹೆಚ್ಚು ಚುಚ್ಚುವುದು ಏಕೆ? ಹಳೆಯ ಪದ್ಧತಿಯಲ್ಲಿ ಗೋಲಿಯ ಮುಂದೆ ಇಬ್ಬರು ಫುಲ್‌ಬ್ಯಾಕುಗಳು, ಅವರ ಮುಂದೆ ಮೂವರು ಹಾಫ್‌ಬ್ಯಾಕುಗಳು, ಎಲ್ಲರಿಗಿಂತ ಮುಂದೆ ಐವರು ಫಾರ್ವರ್ಡುಗಳು. ಹಾಫ್‌ಬ್ಯಾಕಿನ ಕೆಲಸ ಎರಡು ಪಾಲು: ಎದುರಾಳಿಯ ಓಟವನ್ನು ತಡೆಯುವುದು, ತಡೆದ ಚೆಂಡನ್ನು ಕೆಡದಂತೆ ಮುಂದಿನವನಿಗೆ ಮುಟ್ಟಿಸುವುದು. ಮುಂದೆ ಪದ್ಧತಿಗಳು ಬದಲಾದವು, ಹಾಫ್‌ಬ್ಯಾಕನ ಹೆಸರೂ ‘ಮಿಡ್‌ಫೀಲ್ಡರ್’ ಎಂದಾಯಿತು. ಕೆಲಸದ ಸ್ವಭಾವ ಬದಲಾಗಲಿಲ್ಲ. ಅದು ನಮ್ಮ ಶಹಾಬಾದಿನ ಹಾಸುಗಲ್ಲಿನ ಹಾಗೆ. ಮನೆಯಲ್ಲಿ ದಿನವೂ ಅದರ ಮೇಲೆಯೇ ಓಡಾಡುತ್ತೇವೆ, ಯಾರೂ ಹೊಗಳುವುದಿಲ್ಲ. ಒಂದು ಕಲ್ಲು ಅಲುಗಾಡಿ ಕಾಲಿಗೆ ತಾಗಿದಾಗ ಮಾತ್ರ ಎಲ್ಲರ ಕಣ್ಣೂ ಅದರ ಮೇಲೆ ಬೀಳುತ್ತದೆ.

ಇದಕ್ಕೆ 1956ರ ಮೆಲ್ಬರ್ನ್ ಒಲಿಂಪಿಕ್ಸ್ ಒಳ್ಳೆಯ ನಿದರ್ಶನ. ರಹೀಮರ ತರಬೇತಿಯಲ್ಲಿ ಭಾರತ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿತು, ಕೊನೆಗೆ ನಾಲ್ಕನೆಯ ಸ್ಥಾನ ಪಡೆಯಿತು. ಆಸ್ಟ್ರೇಲಿಯದ ಎದುರು ಮೂರು ಗೋಲು ಹೊಡೆದ ನೆವಿಲ್ ಡಿಸೋಜನ ಹೆಸರು ಆಟದ ಗಂಧವಿದ್ದವರಿಗೆಲ್ಲ ಗೊತ್ತು. ಆ ತಂಡದ ಹಾಫ್‌ಬ್ಯಾಕುಗಳಲ್ಲಿ ಬೆಂಗಳೂರಿನ ಕೆಂಪಯ್ಯನೂ ಹೈದರಾಬಾದಿನ ನೂರ್ ಮೊಹಮ್ಮದನೂ ಇದ್ದರೆಂಬುದು ಎಷ್ಟು ಜನಕ್ಕೆ ಗೊತ್ತು? ಕೆಂಪಯ್ಯ 1960ರಲ್ಲಿ ರೋಮಿಗೂ ಹೋದ. ಕಲ್ಕತ್ತೆಯ ಮೋಹನ್ ಬಗಾನ್ ಪರವಾಗಿ ವರ್ಷಗಟ್ಟಲೆ ಆಡಿದ. ಅವನೂ ಒಂದು ಕಾಲಕ್ಕೆ ಬೇರೆಯೂರಿನವರು ಕರೆಸಿಕೊಂಡ ಹಾಫ್‌ಬ್ಯಾಕನೇ.

ಕಾಣದ ಈ ಕೆಲಸಕ್ಕೆ ಕಾಣುವಂಥ ಬೆಲೆಯೊಂದನ್ನು ಕಟ್ಟಿದಾಗ ತೊಡಕು ಹುಟ್ಟುತ್ತದೆ. ಇಂಗ್ಲೆಂಡಿನಲ್ಲಿ 1905ರಲ್ಲಿ ಮಿಡಲ್ಸ್‌ಬರೊ ಕ್ಲಬ್ಬು ಆಲ್ಫ್ ಕಾಮನ್ ಎಂಬವನಿಗೆ 1,000 ಪೌಂಡು ಕೊಟ್ಟು ತಂದಾಗ, ಮನುಷ್ಯನಿಗೆ ಇಷ್ಟು ಬೆಲೆಯೇ ಎಂದು ಜನ ಹುಬ್ಬೇರಿಸಿದರು. ಅವನು ಫಾರ್ವರ್ಡ್, ಗೋಲು ಹೊಡೆದು ಲೆಕ್ಕ ಒಪ್ಪಿಸುವುದು ಅವನಿಗೆ ಸಾಧ್ಯವಿತ್ತು, ಒಪ್ಪಿಸಿದ. ಮಧ್ಯಪಡೆಯವನಿಗೆ ಆ ಸೌಕರ್ಯವಿಲ್ಲ. 2016ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಪಾಲ್ ಪೋಗ್ಬಾನಿಗಾಗಿ 8 ಕೋಟಿ 90 ಲಕ್ಷ ಪೌಂಡು ತೆತ್ತಿತು. ಅದು ಆಗಿನ ವಿಶ್ವದಾಖಲೆ. 2022ರಲ್ಲಿ ಅವಧಿ ಮುಗಿದು ಅವನು ಹೊರಟಾಗ ಕ್ಲಬ್ಬಿಗೆ ಒಂದು ಪೌಂಡೂ ಬರಲಿಲ್ಲ. ಅದಕ್ಕೆ ಮುಂಚೆ ತನ್ನದೇ ಮೈದಾನದಲ್ಲಿ ತನ್ನದೇ ಜನರ ಧಿಕ್ಕಾರವನ್ನು ಅವನು ಕೇಳಿದ್ದ. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ನಮ್ಮ ಗಾದೆ ಆ ಊರಿನವರಿಗೆ ತಿಳಿದಿದ್ದರೆ ಅದನ್ನೇ ಹಾಡಿಕೊಳ್ಳುತ್ತಿದ್ದರೇನೋ!

ಬೆಂಗಳೂರು ತಾನೇ ಕೊಳ್ಳುವ ಊರಾದದ್ದು 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದ ಮೇಲೆ. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದ ಈ ಕ್ಲಬ್ಬು 2017ರಲ್ಲಿ ಇಂಡಿಯನ್ ಸೂಪರ್ ಲೀಗಿಗೆ ಬಂತು. 2018ರ ಮಾರ್ಚ್ 17ರಂದು ಕಂಠೀರವದಲ್ಲೇ ನಡೆದ ಫೈನಲಿನಲ್ಲಿ ಚೆನ್ನೈಯಿನ್ 3–2ರಿಂದ ಗೆದ್ದಿತು. ಅವರ ಮೂರನೆಯ ಗೋಲು ಬ್ರೆಜಿಲಿನ ಮಧ್ಯಪಡೆಯ ಆಟಗಾರ ರಾಫೆಲ್ ಅಗಸ್ಟೊನದು. ಮರುವರ್ಷ ಬೆಂಗಳೂರು ಪ್ರಶಸ್ತಿ ಗೆದ್ದಿತು. ಆಮೇಲೆ 2019ರಲ್ಲಿ ಅದೇ ಅಗಸ್ಟೊನನ್ನು ಬೆಂಗಳೂರು ತನ್ನ ತಂಡಕ್ಕೆ ತಂದಿತು. ನಮ್ಮನ್ನು ಅಳಿಸಿದವನು ಇನ್ನು ನಮಗಾಗಿ ಆಡುತ್ತಾನೆಂದರೆ ಅಭಿಮಾನಿಯ ಲೆಕ್ಕಾಚಾರ ಹೇಗೆ ಓಡಬೇಕೋ ಹಾಗೆ ಓಡಿತು.

ಆದರೆ ಲೆಕ್ಕ ಕೂಡಿಬರಲಿಲ್ಲ. ಆ ಋತುವಿನಲ್ಲಿ ಬೆಂಗಳೂರು ಮೂರನೆಯ ಸ್ಥಾನದಲ್ಲಿ ನಿಂತಿತು. ಸೆಮಿಫೈನಲಿನ ಮೊದಲ ಪಂದ್ಯವನ್ನು 1–0ರಿಂದ ಗೆದ್ದು, 2020ರ ಮಾರ್ಚ್ 8ರಂದು ಕೊಲ್ಕತ್ತದಲ್ಲಿ 1–3ರಿಂದ ಸೋತು ಹೊರಬಿದ್ದಿತು. ಮುಂದಿನ ಋತುವಿನ ತಂಡದಲ್ಲಿ ಅಗಸ್ಟೊ ಇರಲಿಲ್ಲ. ಚೆನ್ನೈಯಲ್ಲಿ ಕಂಡ ಆಟ ಇಲ್ಲಿ ಕಾಣಲಿಲ್ಲವೆಂದು ಜನ ನೊಂದುಕೊಂಡದ್ದು ಸಹಜ. ಆದರೆ ಇನ್ನೊಂದು ಸಂಗತಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಗೋಲು ಹೊಡೆಯುತ್ತಿದ್ದ ಮಿಕು ಆ ಋತುವಿಗೆ ಮುಂಚೆಯೇ ತಂಡವನ್ನು ಬಿಟ್ಟಿದ್ದ. ಮುಂದೆ ಓಡುವವನಿಲ್ಲದಾಗ ಹಿಂದಿನಿಂದ ಎಷ್ಟು ಚೆನ್ನಾಗಿ ಚೆಂಡನ್ನು ಕಳುಹಿಸಿದರೂ ಅದು ವಿಳಾಸವಿಲ್ಲದ ಕಾಗದವೇ.

ನಮ್ಮ ಸೀಮೆಯ ಒಕ್ಕಲಿಗ ಸಂತೆಯಿಂದ ಎತ್ತು ತರುವಾಗ ಹಲ್ಲು ನೋಡುತ್ತಾನೆ, ನಡೆಸಿ ನೋಡುತ್ತಾನೆ. ಮನೆಯಲ್ಲಿರುವ ಎತ್ತಿಗೆ ಇದು ಜೋಡಿಯಾದೀತೇ ಎಂಬುದನ್ನು ಎಲ್ಲಕ್ಕಿಂತ ಮೊದಲು ಯೋಚಿಸುತ್ತಾನೆ. ಒಂಟಿಯಾಗಿ ಭರ್ಜರಿಯಾಗಿ ಕಂಡ ಎತ್ತು ಜೋಡಿ ಕೂಡದೆ ಹೋದರೆ, ತೊಗರಿ ಬಿತ್ತುವ ಕಾಲಕ್ಕೆ ಸಾಲು ಸೊಟ್ಟಗಾಗುತ್ತದೆ. ಆಗ ಊರವರು ಕೇಳುವುದು ಎತ್ತನ್ನಲ್ಲ, ಸಂತೆಗೆ ಹೋದವನನ್ನು.

ಹಣ ಕೊಟ್ಟು ಟಿಕೇಟು ಕೊಂಡವನಿಗೆ, ಕೊರಳು ಬಿರಿಯುವಂತೆ ಕೂಗಿದವನಿಗೆ, ಪ್ರಶ್ನೆ ಕೇಳುವ ಹಕ್ಕು ಖಂಡಿತವಾಗಿ ಇದೆ. ಆ ಹಕ್ಕನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಪ್ರಶ್ನೆ ಸರಿಯಾದ ಬಾಗಿಲಿಗೆ ಹೋಗಲಿ ಎಂಬುದಷ್ಟೇ ನನ್ನ ಮಾತು. ಯಾರ ಜೊತೆ ಆಡಲೆಂದು ಇವನನ್ನು ತಂದಿರಿ? ಹೊಂದಿಕೊಳ್ಳಲು ಎಷ್ಟು ಕಾಲ ಕೊಟ್ಟಿರಿ? ಇವನ ಜಾಗದಲ್ಲಿ ನಿಲ್ಲಬಲ್ಲ ಹುಡುಗನನ್ನು ಇಲ್ಲಿಯೇ ಬೆಳೆಸಲು ಏನು ಮಾಡಿದಿರಿ?

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಹಳೆಯ ಮೈಸೂರು ರಾಜ್ಯದ ತಂಡ ನಾಲ್ಕು ಸಲ ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು, ನಾಲ್ಕನೆಯದು 1968–69ರಲ್ಲಿ. ಐದನೆಯದಕ್ಕೆ ಕರ್ನಾಟಕ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ದೂರದ ರಿಯಾದಿನಲ್ಲಿ ನಮ್ಮ ಹುಡುಗರು ಮೇಘಾಲಯವನ್ನು 3–2ರಿಂದ ಸೋಲಿಸಿದಾಗ ಅದನ್ನು ನೋಡಲು ಕಂಠೀರವದ ಗ್ಯಾಲರಿ ಅಲ್ಲಿರಲಿಲ್ಲ. ಕೊಂಡು ತಂದವನ ಮೇಲೆ ನಾವು ಚೆಲ್ಲುವ ಕೋಪದ ಕಾಲುಭಾಗದಷ್ಟು ಆಸಕ್ತಿ ಈ ಹುಡುಗರ ಮೇಲೂ ಇದ್ದರೆ, ಕೆಂಪಯ್ಯನಂಥ ಇನ್ನೊಬ್ಬ ಹಾಫ್‌ಬ್ಯಾಕ್ ಈ ಊರಿನ ಯಾವುದೋ ಮೈದಾನದಿಂದ ಬಂದಾನು. ಆಗ ಅವನನ್ನು ಕೊಳ್ಳಲು ಬೇರೆಯವರು ನಮ್ಮ ಬಾಗಿಲಿಗೆ ಬರಬೇಕಾದೀತು.