ಸ್ಪರ್ಧಾ ಪಿಸ್ತೂಲಿಗೆ ಮ್ಯಾಗಜಿನ್ ಆಯ್ಕೆ: ಗುಂಡು ಹೆಚ್ಚು ಹಿಡಿದರೆ ಸಾಕೇ?

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್ ಸ್ಪರ್ಧೆ ನೆನಪಿದೆಯೇ? ಅಲ್ಲಿ ಒಂದು ಸರದಿಗೆ ಐದೇ ಗುಂಡು. ಅಮೆರಿಕದಲ್ಲಿ ಜನಪ್ರಿಯವಾಗಿರುವ 'ಪ್ರಾಕ್ಟಿಕಲ್ ಶೂಟಿಂಗ್' ಹಾಗಲ್ಲ. ಶೂಟರ್ ಓಡುತ್ತಾ, ಗೋಡೆಯ ಮರೆಯಿಂದ ಇಣುಕುತ್ತಾ ಹತ್ತಾರು ಗುರಿಗಳಿಗೆ ಹೊಡೆಯಬೇಕು. ಗಳಿಸಿದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿ ಫಲಿತಾಂಶ ನಿರ್ಧರಿಸುತ್ತಾರೆ. ಹೀಗಾಗಿ ಎಷ್ಟು ಗುಂಡು ಹಿಡಿಯುವ ಮ್ಯಾಗಜಿನ್ ಕೊಳ್ಳಬೇಕು ಎಂಬುದು ಇಲ್ಲಿ ದೊಡ್ಡ ಪ್ರಶ್ನೆ.

ನಿಯಮ ಹೇಳುವುದು ಉದ್ದವನ್ನು

ಅಮೆರಿಕದಲ್ಲಿ ಈ ಕ್ರೀಡೆ ನಡೆಸುವ ಯುಎಸ್‌ಪಿಎಸ್‌ಎ ಸಂಸ್ಥೆ ಪ್ರಮುಖ ವಿಭಾಗಗಳಲ್ಲಿ ಮ್ಯಾಗಜಿನ್‌ನ ಉದ್ದಕ್ಕೆ ಮಿತಿ ಹಾಕಿದೆ. ಲಿಮಿಟೆಡ್ ವಿಭಾಗದಲ್ಲಿ 141.25 ಮಿ.ಮೀ., ಓಪನ್‌ನಲ್ಲಿ 171.25 ಮಿ.ಮೀ. ಅಷ್ಟರೊಳಗೆ ಎಷ್ಟು ಗುಂಡು ತುಂಬಿದರೂ ತಕರಾರಿಲ್ಲ. ಆದರೆ ಅಡಿಯಲ್ಲಿ ಹಾಕುವ ಬೇಸ್ ಪ್ಯಾಡ್ ಕೂಡ ಅಳತೆಗೆ ಸೇರುತ್ತದೆ. ಬೇರೆ ಕಂಪನಿಯ ಬೇಸ್ ಪ್ಯಾಡ್ ಹಾಕಿದಾಗ ಗೇಜ್‌ನಲ್ಲಿಟ್ಟು ನೋಡುವುದು ಒಳ್ಳೆಯದು. ಕೂದಲೆಳೆಯಷ್ಟು ಹೆಚ್ಚಾದರೂ ಲಿಮಿಟೆಡ್ ಶೂಟರ್‌ನನ್ನು ಓಪನ್‌ಗೆ ದೂಡಬಹುದು.

ಲೆಕ್ಕ ಹಾಕಿ ನೋಡಿ

ಒಂದು ದೊಡ್ಡ ಸುತ್ತಿಗೆ ಗರಿಷ್ಠ 32 ಗುಂಡು ಬೇಕಾಗುವಂತೆ ಗುರಿಗಳನ್ನು ಇಡುತ್ತಾರೆ. 20 ಗುಂಡಿನ ಮ್ಯಾಗಜಿನ್ ಜತೆ ಚೇಂಬರ್‌ನಲ್ಲಿ ಒಂದು ಇದ್ದರೆ 21. ಒಮ್ಮೆ ಬದಲಿಸಿದರೆ ಒಟ್ಟು 41. ಒಂಬತ್ತು ಗುಂಡು ಹೆಚ್ಚುವರಿ. ಅಂದರೆ 20ರ ಬದಲು 21 ಹಿಡಿಸಲು ಪಡುವ ಪಾಡಿನಿಂದ ಸಿಗುವ ಲಾಭ ಅಷ್ಟಕ್ಕಷ್ಟೇ. ಓಡುವಾಗ ಎಲ್ಲಿ ಬದಲಿಸಬೇಕು ಎಂದು ಮೊದಲೇ ನಿರ್ಧರಿಸಿಕೊಂಡರೆ ಸಮಯವೂ ಹೆಚ್ಚು ವ್ಯರ್ಥವಾಗದು.

10 ಗುಂಡಿನ ಮಿತಿಯಲ್ಲಿ ಮಾತ್ರ ಕಷ್ಟ. ಚೇಂಬರ್‌ನದೂ ಸೇರಿ ಮೂರು ಮ್ಯಾಗಜಿನ್‌ಗೆ 31 ಗುಂಡು, ಒಂದು ಕಡಿಮೆ! ಅಮೆರಿಕದಲ್ಲಿ 1994ರಿಂದ 2004ರವರೆಗೆ ನಾಗರಿಕರಿಗಾಗಿ ಹೊಸದಾಗಿ ತಯಾರಿಸುವ ಮ್ಯಾಗಜಿನ್‌ಗೆ 10ರ ಮಿತಿ ಇತ್ತು. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಅದಕ್ಕಿಂತ ದೊಡ್ಡದರ ಮಾರಾಟಕ್ಕೆ ಈಗಲೂ ನಿರ್ಬಂಧವಿದೆ. ಭಾರತದಲ್ಲಂತೂ 9 ಎಂಎಂ ಪಿಸ್ತೂಲೇ 'ನಿಷೇಧಿತ ಬೋರ್'. ಅಲ್ಲಿನ ವಿಡಿಯೊ ನೋಡಿ ಇಲ್ಲಿ ತರಿಸಿಕೊಳ್ಳುವ ಯೋಚನೆ ಬೇಡ.

ಸಿಕ್ಕಿಹಾಕಿಕೊಂಡರೆ ಆಟ ಮುಗಿದಂತೆ

ಮ್ಯಾಗಜಿನ್ ಎಂದರೆ ಒಂದು ಡಬ್ಬಿ, ಒಳಗೊಂದು ಸ್ಪ್ರಿಂಗ್, ಅದರ ಮೇಲೆ ಗುಂಡುಗಳನ್ನು ಹೊರುವ ಫಾಲೋವರ್. ಮೇಲ್ತುದಿಯ ಬಾಗಿದ ಅಂಚುಗಳಿಗೆ ಫೀಡ್ ಲಿಪ್ಸ್ ಎನ್ನುತ್ತಾರೆ. ಹೆಚ್ಚು ಗುಂಡಿಗೆ ಜಾಗ ಮಾಡಲು ಸ್ಪ್ರಿಂಗ್‌ನ ಸುರುಳಿ ಕಡಿಮೆ ಮಾಡಿದರೆ ಕೊನೆಯ ಗುಂಡುಗಳನ್ನು ಮೇಲೆತ್ತುವ ಬಲ ಉಳಿಯುವುದಿಲ್ಲ. ಲಿಪ್ಸ್ ನಡುವಿನ ಅಂತರ ಹೆಚ್ಚಾದರೆ ಗುಂಡು ಬೇಗ ಜಾರುತ್ತದೆ, ಕಡಿಮೆಯಾದರೆ ತಡವಾಗುತ್ತದೆ. ಎರಡರಲ್ಲೂ ಪಿಸ್ತೂಲ್ ನಡುದಾರಿಯಲ್ಲಿ ಕೈಕೊಡಬಹುದು. ಅದನ್ನು ಸರಿಪಡಿಸುವಷ್ಟರಲ್ಲಿ ಹೋಗುವ ಸೆಕೆಂಡುಗಳ ಮುಂದೆ ಒಂದು ಹೆಚ್ಚುವರಿ ಗುಂಡಿನ ಲಾಭ ಏನೇನೂ ಅಲ್ಲ.

ಜಾಹೀರಾತು ಹೇಳದ ಇನ್ನೊಂದು ಸಂಗತಿ ಇದೆ. ಮ್ಯಾಗಜಿನ್‌ಗೆ 21 ಗುಂಡು ತುಂಬಲು ಸಾಧ್ಯವಾಗುವುದು ಬೇರೆ, ಸ್ಲೈಡ್ ಮುಚ್ಚಿದ ಪಿಸ್ತೂಲಿಗೆ ಆ ಭರ್ತಿ ಮ್ಯಾಗಜಿನ್ ಸಲೀಸಾಗಿ ಕೂರುವುದು ಬೇರೆ. ಒಳಗೆ ಚೂರೂ ಸಡಿಲವಿಲ್ಲದಿದ್ದರೆ ಓಡುವಾಗ ಎಷ್ಟು ಗುದ್ದಿದರೂ ಅದು ಲಾಕ್ ಆಗದು. ಕೊಳ್ಳುವ ಮುನ್ನ 'ರೀಲೋಡ್ ಮಾಡಬಹುದಾದ' ಸಂಖ್ಯೆ ಎಷ್ಟು ಎಂದು ಕೇಳಿ.

ಎಷ್ಟು ಬೇಕು?

ಬಳಕೆಗೆ ಎರಡು, ಆಪತ್ತಿಗೊಂದು ಎಂದು ಕನಿಷ್ಠ ಮೂರಿರಲಿ. ಡಬಲ್ ಸ್ಟ್ಯಾಕ್ '2011' ಮಾದರಿ ಪಿಸ್ತೂಲಿನ ಒಳ್ಳೆಯ ಮ್ಯಾಗಜಿನ್ ಒಂದಕ್ಕೇ ನೂರು ಡಾಲರ್ ದಾಟುವುದುಂಟು, ಹಾಗಾಗಿ ಒಟ್ಟಿಗೆ ಆರು ಕೊಳ್ಳುವ ಆತುರ ಬೇಡ. ಪ್ರತಿಯೊಂದಕ್ಕೂ ನಂಬರ್ ಬರೆದಿಡಿ. ಯಾವುದು ತೊಂದರೆ ಕೊಟ್ಟಿತು ಎಂದು ತಿಳಿಯಲು ಬೇರೆ ದಾರಿಯಿಲ್ಲ. ತೊಂದರೆ ಕೊಟ್ಟಿದ್ದನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಮರಳಲ್ಲಿ ಬಿದ್ದ ಮ್ಯಾಗಜಿನ್ ಒಳಗೆ ಮುಂದಿನ ಸುತ್ತಿಗೆ ಮುನ್ನ ಬ್ರಷ್ ಆಡಿಸಿ. ಎಣ್ಣೆ ಹಾಕಬೇಡಿ, ಧೂಳು ಅದಕ್ಕೇ ಅಂಟಿಕೊಳ್ಳುತ್ತದೆ.